ಚೀಲ ಇಸಿದುಕೊಂಡವನ ಮಾತು

ಅಣ್ಣ ತೀರಿಕೊಂಡ ಒಂಬತ್ತನೆಯ ದಿನ ಕುರುಗೋಡಿನ ನಮ್ಮ ಮನೆಗೆ ಟಪಾಲು ಓಡುವ ಜನ ಬಂದರು. ಅವರಲ್ಲಿ ಅದೊಂದು ಪದ್ಧತಿ. ಜೊತೆಯವನು ಹೋದರೆ ಅವನ ಮನೆಯ ಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಕೂತು, ಹಿಂದಿನ ಓಟಗಾರರಲ್ಲಿ ಯಾರು ದೊಡ್ಡವನು ಎಂದು ವಾದ ಮಾಡುತ್ತಾರೆ. ಸತ್ತವನ ಮಾತು ಕೊನೆಗೆ ಬರುತ್ತದೆ. ಆ ಹಿಂದಿನವರ ಸಾಲಿನಲ್ಲಿ ಅವನಿಗೆ ಜಾಗ ಉಂಟೋ ಇಲ್ಲವೋ ಎಂದು ಅಲ್ಲೇ ಹೇಳಿಬಿಡುತ್ತಾರೆ. ಅವ್ವ ಬೆಳಿಗ್ಗೆಯಿಂದ ಅದಕ್ಕಾಗಿಯೇ ಕಾಯುತ್ತಿದ್ದಳು.

ಆಗ ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಟಪಾಲು ಮನುಷ್ಯರ ಕಾಲ ಮೇಲೆಯೇ ಹೋಗುತ್ತಿತ್ತು. ಒಂದೊಂದು ಹರದಾರಿಗೆ ಒಂದು ಗುಡಿಸಲು. ಅಲ್ಲಿ ಒಬ್ಬನು ಓಡುತ್ತ ಬಂದು ಕೊಟ್ಟ ಚೀಲವನ್ನು ಇನ್ನೊಬ್ಬನು ಹೆಗಲಿಗೇರಿಸಿಕೊಂಡು ಓಡುತ್ತಿದ್ದ. ಅಣ್ಣನದು ಕುರುಗೋಡಿನಿಂದ ಮುಂದಿನ ಗುಡಿಸಲಿನವರೆಗಿನ ದಾರಿ. ಅವನು ಮದುವೆಯಾಗಿರಲಿಲ್ಲ; ಮನೆಯಲ್ಲಿ ಅವ್ವ, ಅವನು ಇಬ್ಬರೇ. ನಾನು ಸಿರುಗುಪ್ಪದ ಶಾಲೆಯಲ್ಲಿ ಮೇಷ್ಟರಾಗಿದ್ದೆ. ಅಣ್ಣನಿಗೆ ಕೆಮ್ಮು ಎಂದು ಅವ್ವ ಹೇಳಿ ಕಳಿಸಿದ್ದಳು. ಆದರೆ ಸಿರುಗುಪ್ಪಕ್ಕೆ ಟಪಾಲು ಒಂದು ದಿನವೂ ಹೊತ್ತು ತಪ್ಪಲಿಲ್ಲ. ಟಪಾಲು ಸರಿಯಾಗಿ ಬರುತ್ತಿದೆ, ಹಾಗಾದರೆ ಅಣ್ಣ ಸರಿಯಾಗಿದ್ದಾನೆ ಎಂದುಕೊಂಡೆ. ನೋಡಲು ಬರಲಿಲ್ಲ.

ಬಂದವರು ಮೂವರು. ಇಬ್ಬರು ಮುದುಕರು, ಓಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಒಬ್ಬ ನಮ್ಮ ಓಣಿಯವನು, ಇನ್ನೊಬ್ಬ ರಾರಾವಿಯವನು. ಮೂರನೆಯವನು ಅಣ್ಣನ ಕೈಯಿಂದ ದಿನವೂ ಚೀಲ ಇಸಿದುಕೊಳ್ಳುತ್ತಿದ್ದ ತೆಕ್ಕಲಕೋಟೆಯ ಮನುಷ್ಯ. ಅವನು ಕಂಬಕ್ಕೆ ಒರಗಿ ಕೂತ. ನಾನು ಮಜ್ಜಿಗೆ ಕೊಟ್ಟೆ. ಲೋಟ ಖಾಲಿಯಾದರೆ ಮತ್ತೆ ತುಂಬಿದೆ. ಮಾಡಲು ಬೇರೆ ಕೆಲಸ ಇರಲಿಲ್ಲ.

"ಬಳ್ಳಾರಿ ಕೋಟಿ ಬಾಗಲದಾಗ ಒಬ್ಬ ಇದ್ದ ನೋಡು, ಅವನ ದೊಡ್ಡಾವ," ಎಂದ ನಮ್ಮ ಓಣಿಯ ಮುದುಕ. "ಕಂಪನಿ ಸರಕಾರದ ಕಾಲ. ಮಳಿಗಾಲದಾಗ ಎರಿಮಣ್ಣು ಕಾಲಿಗೆ ರೊಟ್ಟಿ ಹಂಗ ಮೆತ್ಕೊಂತಿತ್ತು. ಅದನ್ನ ಹೊತ್ಕೊಂಡ ಓಡಿದಾವ."

"ನಮ್ಮೂರಾವನ ಮುಂದ ಅವ ಏನಲೇ?" ಎಂದ ರಾರಾವಿಯವನು. "ಇವ ಹೊಳಿ ದಂಡಿ ಹಿಡಿದು ಓಡಿದ್ರ ಹಿಂದ ಬಂದ ಕುದುರಿ ನಿಂತು ದಮ್ಮು ಹಾಕ್ತಿತ್ತು."

"ನಿಮ್ಮೂರಾವ ಓಡಿದ್ದು ನಾಯಿ ಬೆನ್ನ ಹತ್ತಿದ್ದಕ್ಕ. ಊರ ಮಂದಿಗೆಲ್ಲ ಗೊತ್ತೈತಿ."

"ನಾಯಿನೂ ಹಿಂದ ಬಿದ್ದಿತ್ತಲ್ಲ, ಹಿಡೀತೇನು?"

ಇಬ್ಬರೂ ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು. ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಈ ವಾದಕ್ಕೆ ಒಂದು ಕಟ್ಟು ಇತ್ತು. ಕೇಳಿದ ಮಾತು ನಡೆಯುವುದಿಲ್ಲ. ಓಡಿದವನ ಕೈಯಿಂದ ಚೀಲ ಇಸಿದುಕೊಂಡವನು ಮಾತ್ರ ಅವನ ಪರವಾಗಿ ಮಾತಾಡಬೇಕು. ಮುದುಕರಿಬ್ಬರೂ ಹರೆಯದಲ್ಲಿ ಆ ಹಿಂದಿನವರ ಕೈಯಿಂದ ಚೀಲ ತೆಗೆದುಕೊಂಡವರು. ಅಣ್ಣನ ಪರವಾಗಿ ಹೇಳಬೇಕಾದವನು ತೆಕ್ಕಲಕೋಟೆಯವನೊಬ್ಬನೇ.

ಅವ್ವ ಹೊಸ್ತಿಲಿಗೆ ಬಂದು ನಿಂತಳು. "ಎಲ್ಲಾರದೂ ಆತು. ನನ್ನ ಮಗಂದು ಹೇಳಪಾ," ಎಂದಳು.

ಅವನು ಲೋಟ ಕೆಳಗಿಟ್ಟ. "ಅವ್ವಾ, ಈ ಕಟ್ಟಿ ಮ್ಯಾಲ ಕುಂತು ಸುಳ್ಳು ಹೇಳಂಗಿಲ್ಲ. ಒಂದು ವರ್ಷ ಆತು, ಅಣ್ಣಗ ಗುಡಿಸಲ ಮಟ ಬರಾಕ ಆಗತಿದ್ದಿಲ್ಲ. ನಡಕೊಂತ ಬರತಿದ್ದ, ಕುಂದರತಿದ್ದ. ನಾನ ಎದುರು ಹೋಗಿ ಇಸ್ಕೊಂತಿದ್ದೆ. ಮೊದಲ ಹಳ್ಳದ ಮಟ. ಆಮ್ಯಾಲ ಅರ್ಧ ದಾರಿ. ಕಡೀ ತಿಂಗಳ ನಿಮ್ಮೂರು ಕಾಣೂಮಟ ಬಂದೀನಿ."

"ಅಂದ್ರ ನನ್ನ ಮಗ ಓಡಲಿಲ್ಲ."

"ಓಡ್ಯಾನ. ನನ್ನ ಕಂಡ ಕೂಡ್ಲೇ ಎದ್ದು ಒಂದು ನೂರು ಹೆಜ್ಜಿ ಓಡಿ ಬರತಿದ್ದ. ನಿಂದ್ರೋ ಮಾರಾಯಾ, ನಾನ ಬರತೀನಿ ಅಂದ್ರ ಕೇಳತಿದ್ದಿಲ್ಲ. ಒಂದು ದಿನಾನೂ ಚೀಲ ನಿಂತು ಕೊಡಲಿಲ್ಲ."

ಸಿರುಗುಪ್ಪಕ್ಕೆ ಟಪಾಲು ಹೊತ್ತಿಗೆ ಸರಿಯಾಗಿ ಬಂದದ್ದು ಈ ಮನುಷ್ಯನ ಓಟದಿಂದ ಎಂದು ತಿಳಿಯಿತು. ಎದೆಯಲ್ಲಿ ಏನಾದರೂ ಆಗಬಹುದೆಂದು ಕಾದೆ. ಏನೂ ಆಗಲಿಲ್ಲ. ಅವನ ಪಾದ ನೋಡಿದೆ. ಹಿಮ್ಮಡಿ ಒಡೆದು ಕಪ್ಪಾಗಿತ್ತು.

ರಾರಾವಿಯವನು ಅವ್ವನ ಕಡೆ ತಿರುಗಿದ. "ಬೇಜಾರ ಮಾಡ್ಕೋಬ್ಯಾಡವ್ವಾ. ನೂರು ಹೆಜ್ಜಿ ಓಡಿದಾವನ್ನ ದೊಡ್ಡೋರ ಸಾಲಿನ್ಯಾಗ ಹೆಂಗ ಕುಂದರಸಾದು?"

"ಯಾಕ ಕುಂದರಸಬಾರದಲೇ?" ನಮ್ಮ ಓಣಿಯವನು ತಿರುಗಿಬಿದ್ದ. "ನಿಮ್ಮೂರಾವ ಗಟ್ಟಿ ಇದ್ದ, ಓಡಿದ. ಎದಿಯಾಗ ದಮ್ಮಿಲ್ಲದ ನೂರು ಹೆಜ್ಜಿ ಓಡಂತ ಹೇಳು ಅವಗ!"

"ದೂರ ಅಂದ್ರ ದೂರಪಾ. ನೂರು ಹೆಜ್ಜಿ ದೂರ ಹೆಂಗಾತು?"

"ನೀ ಓಡಿ ಬಿಟ್ಟಾವ, ನಿನಗೂ ತಿಳೀವಲ್ದಾ?"

ಧ್ವನಿ ಏರಿತು. ಬಳ್ಳಾರಿ ಕೋಟೆಯವನೂ ರಾರಾವಿಯ ಹಳೆಯ ಓಟಗಾರನೂ ಅವರ ಮಾತಿನಿಂದ ಬಿಟ್ಟುಹೋದರು. ಜಗಳ ಈಗ ಅಣ್ಣನೊಬ್ಬನದೇ. ತೆಕ್ಕಲಕೋಟೆಯವನನ್ನು ಇಬ್ಬರೂ ಸಾಕ್ಷಿಗೆ ಎಳೆದರು: ಎಷ್ಟು ಹೆಜ್ಜೆ, ಏರೋ ಇಳುಕಲೋ, ಚೀಲ ಎಷ್ಟು ಭಾರ ಇತ್ತು. ಅವನು ಒಂದೊಂದಕ್ಕೂ ಉತ್ತರ ಕೊಟ್ಟ.

ಇನ್ನು ಸಾಕು, ಒಳಗೆ ಹೋಗೋಣವೆಂದು ನಾನು ಅವ್ವನನ್ನು ಕರೆದೆ. ಅವಳು ಕೈಯಿಂದಲೇ ಬೇಡವೆಂದಳು. ಸೆರಗು ಸರಿಮಾಡಿಕೊಂಡು ಹೊಸ್ತಿಲ ಮೇಲೆ ಕೂತಳು. ಬಿಸಿಲು ಕಟ್ಟೆಯಿಂದ ಇಳಿದು ಓಣಿಗೆ ಹೋಯಿತು. ತೀರ್ಮಾನ ಆಗಲಿಲ್ಲ. ಅವರು ಅಣ್ಣನ ವಿಷಯಕ್ಕೆ ಬಡಿದಾಡುತ್ತಿರುವಷ್ಟು ಹೊತ್ತೂ ಅವಳು ಎದ್ದು ಹೋಗಲಿಲ್ಲ.