ಎದುರುಗೈ

ನಮ್ಮ ಮಾವನವರ ಹೆಬ್ಬೆಟ್ಟಿಗೆ ಗೆರೆಯೇ ಇರಲಿಲ್ಲ. ಹೊಳೆಯ ಕಲ್ಲಿನ ಹಾಗೆ ನುಣುಪು. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಅವರು ಬೆರಳೊತ್ತಿದರೆ ಅದು ಮುನಿಸಿಕೊಂಡು ಕೆಂಪು ದೀಪ ತೋರಿಸುತ್ತಿತ್ತು. ಒರೆಸಿಕೊಂಡು ಒತ್ತಿ, ಎಣ್ಣೆ ಸವರಿಕೊಂಡು ಒತ್ತಿ ಎಂದು ಅಂಗಡಿಯವನು ಗೋಳಾಡುತ್ತಿದ್ದ, ಹಿಂದೆ ನಿಂತವರು ಗೊಣಗುತ್ತಿದ್ದರು. "ಗಾಜು ವರ್ಸೀ ವರ್ಸೀ ನಾನೇ ಅಳ್ಸೋಗಿವ್ನಿ ಕಣ್ಲಾ, ನಿನ್ ಮಿಸನ್ನು ಏನ್ ಮಾಡದು ಪಾಪ" ಎಂದು ಮಾವ ನಗುತ್ತಿದ್ದರು. ಕೊನೆಗೆ ನನ್ನ ಬೆರಳಿಗೆ ಅಕ್ಕಿ ಬರುತ್ತಿತ್ತು.

ಅವರು ಕಿಟಕಿ ಒರೆಸುವವರು. ಇದೂ ಒಂದು ಕಸುಬಾ ಎಂದು ಮದುವೆಯಾದ ಹೊಸತರಲ್ಲಿ ನನಗೂ ಅನಿಸಿತ್ತು. ನಾನು ಶೀಳನೆರೆ ಕಡೆಯ ಒಕ್ಕಲು ಮನೆಯವಳು. ನಮ್ಮಲ್ಲಿ ಕಿಟಕಿಯೆಂದರೆ ನಾಲ್ಕು ಕಂಬಿ, ಅದಕ್ಕೆ ನೇತುಹಾಕಿದ ಹಳೇ ಸೀರೆ ತುಂಡು. ಮಾವ ಒರೆಸುತ್ತಿದ್ದದ್ದು ಬೇರೆ ಥರದವು. ಬಣ್ಣಬಣ್ಣದ ಚೂರು ಗಾಜುಗಳನ್ನು ಸೀಸದ ತೆಳು ಪಟ್ಟಿಗಳಲ್ಲಿ ಕೂರಿಸಿ ಹಕ್ಕಿ, ಬಳ್ಳಿ, ಹೂವು ಮಾಡಿರುತ್ತಾರಲ್ಲ, ಹಳೆಯ ಬಂಗಲೆಗಳಲ್ಲಿ, ಚರ್ಚುಗಳಲ್ಲಿ, ಅಂಥವು. ಸೀಸ ಬಲು ಮೆತ್ತಗಿನ ಲೋಹ. ವಯಸ್ಸಾದಂತೆ ಇಡೀ ಕಿಟಕಿ ಹೊಟ್ಟೆ ಬಂದ ಹಾಗೆ ಉಬ್ಬುತ್ತದೆ, ಒಳಗಿನ ಗಾಜು ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತದೆ. ಅದಕ್ಕೆ ಪೈಪು ಹಿಡಿದು ನೀರು ಬಿಡುವ ಹಾಗಿಲ್ಲ, ಸೋಪು ತಾಕಿಸುವ ಹಾಗಿಲ್ಲ, ಬಿಸಿಲೇರಿ ಗಾಜು ಕಾದ ಮೇಲೆ ಮುಟ್ಟುವ ಹಾಗೇ ಇಲ್ಲ. ಹಳೇ ಪಂಚೆಯ ತುಂಡನ್ನು ಒದ್ದೆ ಮಾಡಿ, ಹಿಂಡಿ ಹಿಂಡಿ, ಒಂದೊಂದೇ ಚೂರನ್ನು ಅಂಚಿನಿಂದ ನಡುವಿಗೆ ಒರೆಸಬೇಕು. "ಬಟ್ಟೆ ಅಳ್ತಾ ಇರ್ಬಾರ್ದು, ಬೆವ್ತಂಗಿರ್ಬೇಕು" ಎನ್ನುತ್ತಿದ್ದರು. ಮೈಸೂರಿನಲ್ಲಿ ಒಬ್ಬ ಸಾಹೇಬರ ಹತ್ತಿರ ಕಲಿತ ವಿದ್ಯೆ ಅದು. ಪಾಂಡವಪುರದ ಪಕ್ಕದ ನಮ್ಮೂರಿನಿಂದ ಶ್ರೀರಂಗಪಟ್ಟಣ, ಮೈಸೂರು ಎಂದು ಬಸ್ಸು ಹತ್ತಿ ತಿರುಗುತ್ತಿದ್ದರು.

ಈ ಕೆಲಸ ಒಬ್ಬರಿಂದಾಗುವುದಲ್ಲ. ಒಬ್ಬರು ಏಣಿಯ ಮೇಲೆ ನಿಂತು ಹೊರಗಿನಿಂದ ಒರೆಸುವಾಗ ಇನ್ನೊಬ್ಬರು ಒಳಗೆ ನಿಂತು, ಬಟ್ಟೆ ಎಲ್ಲಿದೆಯೋ ಅಲ್ಲೇ ಗಾಜಿಗೆ ಅಂಗೈಯಿಟ್ಟು ಆನಿಕೆ ಕೊಡಬೇಕು. ಅದಕ್ಕೆ ಮಾವ ಎದುರುಗೈ ಎನ್ನುತ್ತಿದ್ದರು. ಗಾಜಿನಾಚೆ ಕೂಗಿದರೆ ಸರಿಯಾಗಿ ಕೇಳುವುದಿಲ್ಲ, ಆದ್ದರಿಂದ ಮಾತೆಲ್ಲ ಅಂಗೈಯಲ್ಲೇ. ಒಳಗಿನವರು ಮೆತ್ತಗೆ ಒಮ್ಮೆ ತಳ್ಳಿದರೆ "ಇಲ್ಲಿ ಸಡಿಲ, ಹಗುರ" ಎಂದರ್ಥ. ಹೊರಗಿನವರ ಕೈಗೆ ಅದು ತಿಳಿಯುತ್ತದೆ, ತಿಳಿಯಬೇಕು.

ನಮ್ಮತ್ತೆ ಬದುಕಿರುವವರೆಗೂ ಅವರೇ ಎದುರುಗೈ. ಅತ್ತೆ ಹೋದ ಮೇಲೆ ಮಾವ ಪಂಚೆ ತುಂಡುಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟರು. ನನ್ನ ಗಂಡ ಡೈರಿಯ ಹಾಲಿನ ವ್ಯಾನು ಓಡಿಸುವವರು. ಒಂದು ದಿನ ಅಪ್ಪನ ಜೊತೆ ಹೋದರು, ಮಧ್ಯಾಹ್ನದೊಳಗೆ ವಾಪಸು. "ಇವ್ನು ಗಾಜ ಕೆಟ್ಟೋದ ಲಾರಿ ತಳ್ದಂಗೆ ತಳ್ತಾನೆ" ಎಂದರು ಮಾವ. ಆಮೇಲೆ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಊಟ ಕೊಟ್ಟರೆ ಉಂಡರು, ಇಲ್ಲದಿದ್ದರೆ ಇಲ್ಲ. ಕೆಲಸ ಬಿಟ್ಟ ಕೈ ತೊಡೆಯ ಮೇಲೆ ಸುಮ್ಮಸುಮ್ಮನೆ ಸುತ್ತುತ್ತಿತ್ತು. ನೋಡಲು ಆಗುತ್ತಿರಲಿಲ್ಲ ನನಗೆ.

ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಅಡಿಗೆಮನೆಗೆ ಬರುವ ಮುಂಚೆ ಕೆಮ್ಮುತ್ತಿದ್ದರು, ನಾನು ಗೋಡೆ ಕಡೆ ತಿರುಗುತ್ತಿದ್ದೆ. ಏನು ಹೇಳಬೇಕಾದರೂ ನಡುವೆ ಹಸು ಇತ್ತು. ಒಂದು ಬೆಳಿಗ್ಗೆ ಮಾವ ಹಸುವಿನ ಮೈ ತಿಕ್ಕುತ್ತಾ, "ಪಟ್ಣದ್ ಬಂಗ್ಲೆಯಮ್ಮ ಮತ್ತೆ ಯೋಳ್ಕಳ್ಸವ್ರೆ. ಎದುರುಗೈ ಇಡೋರಿದ್ರೆ ವೋಗ್ಬೋದಿತ್ತು" ಎಂದರು. ನಾನೂ ಹಸುವಿನ ಮುಖ ನೋಡಿಕೊಂಡೇ, "ನಾನ್ ಬತ್ತೀನಿ ಅಂತ ಯೋಳು" ಎಂದೆ. ಹಸು ಇಬ್ಬರನ್ನೂ ನೋಡಿ ಬಾಲ ಬೀಸಿತು.

ಆ ಬಂಗಲೆ ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಮುಖ ಮಾಡಿಕೊಂಡಿತ್ತು. ಮೆಟ್ಟಿಲ ತಿರುವಿನಲ್ಲಿ ಆಳೆತ್ತರದ ಕಿಟಕಿ, ದ್ರಾಕ್ಷಿ ಬಳ್ಳಿಯ ಮೇಲೆ ಗಿಳಿಗಳು. ಮೊದಲ ದಿನ ನನ್ನ ಅಂಗೈಯ ಎದುರಿಗೆ ಮಾವನ ಅಂಗೈ ಬಂದಾಗ ನಾಚಿಕೆಯಿಂದ ಸಾಯುವಂತಾಯಿತು. ಇದ್ದದ್ದು ಒಂದು ತೆಳ್ಳನೆ ಗಾಜು ಅಷ್ಟೆ. ಮಾವ ನನ್ನ ಮುಖ ನೋಡಲಿಲ್ಲ, ಗಿಳಿಯನ್ನಷ್ಟೇ ನೋಡಿದರು. ಅವರ ಕೈ ಎಷ್ಟು ಹಗುರ ಎಂದರೆ, ಮಲಗಿರುವ ಮಗುವಿನ ಮುಖ ಒರೆಸುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಒಂದು ಕಡೆ ಅನುಮಾನವಾಗಿ ತಳ್ಳಿದೆ. ಆಚೆಯ ಕೈ ತಕ್ಷಣ ನಿಂತು, ಅಂಚು ಸವರಿ, ಪಕ್ಕಕ್ಕೆ ಸರಿಯಿತು. ಮನೆಯಲ್ಲಿ ಒಂದು ಮಾತಾಡದವರು ಅಲ್ಲಿ ಸಂಜೆವರೆಗೂ ಮಾತಾಡಿದ ಹಾಗಾಯಿತು. ಊರಿಗೆ ಬಂದ ಮೇಲೆ ಮಾವ ಹಸುವಿಗೆ, "ಪರ್ವಾಗಿಲ್ಲ, ನಿಮ್ಮತ್ತೆ ಕೈಯೇ ಬಂದದೆ" ಎಂದರು. ಹಸುವಿಗೆ ಅತ್ತೆ ಎಲ್ಲಿ? ನನಗೇ ಹೇಳಿದ್ದು.

ವರ್ಷಗಳು ಹೀಗೇ ನಡೆದವು. ಆಮೇಲಾಮೇಲೆ ಅವರ ಕೈ ಭಾರವಾಗತೊಡಗಿತು. ಮೊದಲು ಗೊತ್ತಾದದ್ದು ನನ್ನ ಅಂಗೈಗೇ. ನಾನು ಸ್ವಲ್ಪ ಹೆಚ್ಚು ಆನಿಕೆ ಕೊಡುತ್ತಿದ್ದೆ. ಮನೆಯಲ್ಲಿ ಕುದಿಯುವ ಕಾಫಿಯ ಲೋಟವನ್ನು ಹಾಗೇ ಹಿಡಿದುಕೊಂಡು ಕೂತಿರುತ್ತಿದ್ದರು, ಬೊಬ್ಬೆ ಎದ್ದದ್ದು ಮರುದಿನ ಕಾಣುತ್ತಿತ್ತು. "ನಿಮ್ಮ ಕೈಗೆ ಏನೋ ಆಗಿದೆ" ಎಂದು ಸೊಸೆ ಮಾವನಿಗೆ ಹೇಗೆ ಹೇಳುವುದು? ನನ್ನ ಗಂಡ ಕೇಳಿದರೆ, "ನಿನ್ ವ್ಯಾನ್ ನೋಡ್ಕ ವೋಗ್ಲಾ" ಎಂದು ಬಾಯಿ ಮುಚ್ಚಿಸಿದರು. ಆ ಕೈ ಒಂದು ಬಿಟ್ಟರೆ ಅವರಿಗೆ ಬೇರೇನೂ ಉಳಿದಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ಬೆಳಿಗ್ಗೆ ಅದೇ ಬಂಗಲೆಯ ಅದೇ ಕಿಟಕಿ. ಗಿಳಿಯ ಎದೆಯ ಹಸಿರು ಗಾಜಿನ ಮೇಲೆ ಮಾವ ಬಟ್ಟೆಯಿಟ್ಟರು. ಭಾರವೆಲ್ಲ ಅದರ ಮೇಲೆ. ನಾನು ತಳ್ಳಿದೆ. ಕೈ ನಿಲ್ಲಲಿಲ್ಲ. ಜೋರಾಗಿ ತಳ್ಳಿದೆ. ನಿಲ್ಲಲಿಲ್ಲ. ಕೂಗಬೇಕಿತ್ತು, ಆದರೆ ಮಾವನನ್ನು ಕೂಗಿದ ಅಭ್ಯಾಸವೇ ಗಂಟಲಿಗೆ ಇರಲಿಲ್ಲ. ಮತ್ತೆ ತಳ್ಳಿದೆ. ಟಕ್ ಎಂದು ಸಣ್ಣ ಸದ್ದು. ಗಿಳಿಯ ಎದೆಗೆ ಅಡ್ಡಡ್ಡ ಗೆರೆ ಬಿದ್ದಿತ್ತು. ಮಾವ ಇನ್ನೂ ಒರೆಸುತ್ತಲೇ ಇದ್ದರು. ಆಗ ನನ್ನ ಬಾಯಿಂದ ಬಂತು, "ಮಾವಾ, ಸಾಕು!"

ಅವರು ತಲೆಯೆತ್ತಿ, ಮೊದಲ ಸಲ, ನೇರವಾಗಿ ನನ್ನ ಮುಖ ನೋಡಿದರು. ಏಣಿ ಇಳಿದು ಸುತ್ತಿಕೊಂಡು ಒಳಗೆ ಬಂದರು. ಬಿರುಕಿನ ಮೇಲೆ ಬೆರಳಾಡಿಸಿದರು.

"ತಳ್ದ್ಯೇನವ್ವಾ?"

"ತಳ್ದೆ ಮಾವ."

"ಜೋರಾಗಿ?"

ನಾನು ತಲೆಯಾಡಿಸಿದೆ. "ನಂಗೊತ್ತೇ ಆಗ್ನಿಲ್ವಲ್ಲವ್ವಾ" ಎಂದು ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಸದ್ದು ಕೇಳಿ ಬಂಗಲೆಯಮ್ಮ ಬಂದು, "ಹೋಗಲಿ ಬಿಡಿ, ಹಳೇ ಗಾಜು ತಾನೆ" ಎಂದು ಸಮಾಧಾನ ಹೇಳಿದರು. "ಗಾಜಲ್ಲ ತಾಯಿ, ಕೈ ಅಳೇದು" ಎಂದರು ಮಾವ. ನನಗೆ ಅಳು ತಡೆಯಲಾಗಲಿಲ್ಲ.

ನರ ಸತ್ತಿದೆ ಎಂದರು ಮೈಸೂರಿನ ಡಾಕ್ಟರು. ಸಕ್ಕರೆ ಕಾಯಿಲೆಯಿಂದಲೂ ಇರಬಹುದು, ಇಷ್ಟು ಕಾಲ ಮುಟ್ಟಿದ ಸೀಸದಿಂದಲೂ ಇರಬಹುದು. ಬರುವಾಗ ಬಸ್ಸಿನಲ್ಲಿ ಮಾವ ಬಂದು ನನ್ನ ಪಕ್ಕದ ಸೀಟಿನಲ್ಲೇ ಕೂತರು, ಅಲ್ಲಿಯವರೆಗೆ ಎಂದೂ ಕೂತವರಲ್ಲ. ಪಾಂಡವಪುರ ಹತ್ತಿರ ಬಂದಾಗ, "ಇನ್ಮೇಲೆ ನೀನ್ ಏಣಿ ಅತ್ತು. ನಾನ್ ಒಳಗ್ ನಿಲ್ತೀನಿ" ಎಂದರು.

ಗಂಡನ ಹಳೇ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಏಣಿ ಹತ್ತಿದೆ. ರಸ್ತೆಯಲ್ಲಿ ಹೋಗುವವರು ನಿಂತು ಕಣ್ಣರಳಿಸಿದರೆ ಮಾವ ಒಳಗಿನಿಂದ ಆಚೆ ಬಂದು, "ಗಾಜ ನನ್ ಸೊಸೆ ವರಸ್ತಾಳೆ, ನಿಮ್ ಕಣ್ ನೀವ್ ವರಸ್ಕಂಡ್ ವೋಗಿ" ಎಂದು ಗದರುತ್ತಿದ್ದರು. ಆದರೆ ಅವರ ಅಂಗೈಗೆ ನಾನೆಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಕಣ್ಣಿಂದ ನೋಡಿಕೊಂಡು ಕೈ ಸರಿಸುತ್ತಿದ್ದರು. ಕೈ ಆಡದ ಮಾತನ್ನು ಬಾಯಿ ಆಡಬೇಕಾಯಿತು. "ಅಗುರ ಕಣವ್ವ, ಅಗುರ. ಅಂಗಲ್ಲ, ಇಂಗೆ." ನಾನೂ ಕೂಗಿ ಉತ್ತರ ಕೊಟ್ಟೆ. ಗಾಜಿನ ಮಾತು ಮುಗಿದರೆ ಮನೆಯ ಮಾತು, ಅತ್ತೆಯ ಮಾತು. ಅತ್ತೆಯ ಕೈಯನ್ನು ಗಾಜಿಲ್ಲದೆ ಹಿಡಿದದ್ದು ಬಹಳ ಕಡಿಮೆ ಎಂದು ಒಮ್ಮೆ ಹೇಳಿದರು. ಮನೆಯಲ್ಲೂ ಹಸುವಿಗೆ ಬಿಡುವು ಸಿಕ್ಕಿತು. ಇವತ್ತು ನಾನು ಉಣ್ಣುತ್ತಿರುವ ಅನ್ನ ಅವರು ಹಾಗೆ ಕೂಗಿ ಕೂಗಿ ಕೊಟ್ಟದ್ದು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಲಗಿದವರು ಏಳಲಿಲ್ಲ. ಮೂತ್ರಪಿಂಡ ಕೆಟ್ಟಿತ್ತು. ಆಸ್ಪತ್ರೆಯಲ್ಲಿ ಕೊನೆಯ ಮಧ್ಯಾಹ್ನ ನನ್ನ ಗಂಡ ಔಷಧಿ ತರಲು ಹೋಗಿದ್ದರು. ಮಾವನ ಕಣ್ಣು ಮುಚ್ಚಿತ್ತು, ಕೈ ಹಾಸಿಗೆಯಾಚೆ ಜೋತುಬಿದ್ದಿತ್ತು. ನಾನು ಎತ್ತಿ ನನ್ನ ಅಂಗೈಯಲ್ಲಿಟ್ಟುಕೊಂಡೆ. ಅಷ್ಟು ವರ್ಷದಲ್ಲಿ ನಡುವೆ ಗಾಜಿಲ್ಲದೆ ಅವರ ಕೈ ಮುಟ್ಟಿದ್ದು ಅದೇ ಮೊದಲು. ಅದುಮಿದೆ. ಅವರಿಗೆ ಗೊತ್ತಾಗಲಿಲ್ಲ. ಇನ್ನೂ ಅದುಮಿದೆ, ಬೆರಳು ಕೂಡ ಕದಲಲಿಲ್ಲ. ಕಿವಿಯ ಹತ್ತಿರ ಬಗ್ಗಿ, "ಮಾವ, ನಿಮ್ ಕೈ ಇಡ್ಕಂಡಿವ್ನಿ" ಎಂದೆ.

ಕಣ್ಣು ತೆರೆಯದೆಯೇ ಅವರು, "ಅಂಗೇ ಇಡ್ಕಂಡಿರವ್ವ. ಬುಡುವಾಗ ಒಂದ್ ಮಾತ್ ಯೋಳು, ನಂಗೊತ್ತಾಗಾಕಿಲ್ಲ" ಎಂದರು.

ಬಿಡುವಾಗ ಹೇಳಿದೆ. ಅಷ್ಟು ಹೊತ್ತಿಗೆ ಅವರು ಹೋಗಿಯಾಗಿತ್ತು.