ಕುರಿಗಾಹಿಯ ಕಾಲಿಗೆ ಅಂಟುಮುಳ್ಳಿನ ಪಟ್ಟಿ

ಎರಡು ಸಾವಿರನೇ ಇಸವಿ ದಾಟಿದ ಹೊಸತು. ಹುಮನಾಬಾದಿನ ಸಣ್ಣ ಕೇಂದ್ರವೊಂದರಲ್ಲಿ ನಾನು ಕೃತಕ ಕಾಲು ಕೂರಿಸುವ ಟೆಕ್ನಿಷಿಯನ್ ಆಗಿದ್ದೆ. ಬಸವಕಲ್ಯಾಣದ ಕಡೆಯ ಕುರಿಗಾಹಿ ಮಾಳಮ್ಮನಿಗೆ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಅದರ ಮೇಲೆ ಹರಿದಿತ್ತು. ಮತ್ತೆ ಕುರಿಗಳ ಹಿಂದೆ ನಡೆಯಬೇಕು, ಆಕೆ ಕೇಳಿದ್ದು ಅಷ್ಟೇ.

ಪ್ಲಾಸ್ಟಿಕ್ ಕಾಲನ್ನು ತೊಡೆಗೆ ಬಿಗಿಯಲು ಆಗಷ್ಟೇ ನಮ್ಮ ಕೇಂದ್ರಕ್ಕೆ ಚರ್ಮದ ಬೆಲ್ಟಿನ ಬದಲು ನೈಲಾನ್ ಪಟ್ಟಿ ಬಂದಿತ್ತು. ಒಂದು ಬದಿಗೆ ಸಣ್ಣ ಕೊಕ್ಕೆಗಳು, ಇನ್ನೊಂದಕ್ಕೆ ದಾರದ ಕುಣಿಕೆಗಳು. ಒತ್ತಿದರೆ ಹಿಡಿಯುತ್ತದೆ, ಎಳೆದರೆ ಚರ್ರೆಂದು ಬಿಚ್ಚುತ್ತದೆ. ಬಟ್ಟೆಗೆ, ಉಣ್ಣೆಗೆ ಕಚ್ಚಿಕೊಳ್ಳುವ ಅಂಟುಮುಳ್ಳನ್ನು ನೋಡಿ ಮಾಡಿದ್ದು ಎಂದು ಗತ್ತಿನಿಂದ ವಿವರಿಸಿದೆ. ಮಾಳಮ್ಮ ಬಿದ್ದು ಬಿದ್ದು ನಕ್ಕಳು.

"ಕುರಿ ಮೈಯಾಗಿನ ಆ ಮುಳ್ಳ ಕಿತ್ತಿ ಕಿತ್ತಿ ನನ್ನ ಬೆರಳ ಸವದಾವ್ರಿ. ನೀವು ಅದನ್ನ ಕಾರ್ಖಾನ್ಯಾಗ ಮಾಡಾಕತ್ತೀರೇನ್ರಿ!"

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಆಕೆಯ ಗಂಡ ಬೀರಪ್ಪ ಒಬ್ಬನೇ ಬಂದ. ಹೆಗಲ ಮೇಲಿನ ಕಂಬಳಿಗಂಟು ಬಿಚ್ಚಿದ. ಒಳಗೆ ಆಕೆಯ ಪ್ಲಾಸ್ಟಿಕ್ ಕಾಲು ಮಾತ್ರ! ಮಾಳಮ್ಮ ಎಲ್ಲಿ ಎಂದು ಕೇಳಿದೆ.

"ಜೀವ ಅದರಿ," ಅಂದ. "ಹೈವೇ ದಾಟಾಕತ್ತಿದ್ಲು. ನಡು ರಸ್ತಾದಾಗ ಕಾಲ ಕಳಚಿ ಬಿತ್ತು. ಲಾರಿಯವ ಬ್ರೇಕ್ ಹೊಡದ, ಖರೆ. ಆದ್ರ ಬಿದ್ದ ಹೊಡತಕ್ಕ ರಟ್ಟಿ ಮುರದದ."

ಪಟ್ಟಿ ಎಳೆದು ನೋಡಿದೆ. ಚರ್ ಎನ್ನಲೇ ಇಲ್ಲ. ಕೊಕ್ಕೆಗಳ ಮೇಲೆಲ್ಲ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು.

"ಇದಕ್ಕ ಏನ್ ಹಚ್ಚೀರಿ, ಬೀರಪ್ಪಾ?"

"ಹುಣಸಿಬೀಜದ ಗಂಜಿರಿ. ಪಟ್ಟಿ ಸಡ್ಲ ಆಗಿತ್ತು. ಕಂಬಳಿ ಬಿಗಿ ಆಗ್ಲಿ ಅಂತ ಹಚ್ಚತೀವಲ್ರಿ, ಹಾಂಗ ಹಚ್ಚಿದ್ಲು."

ಸಿಟ್ಟು ನೆತ್ತಿಗೇರಿತು. ಬೈಯುತ್ತಲೇ ಉಗುರಿನಿಂದ ಹಕ್ಕಳೆ ಕೆರೆದವನು ದಂಗಾದೆ. ಅಡಿಯಲ್ಲಿ ಉಣ್ಣೆ! ಎಳೆ ಎಳೆಯಾಗಿ ಪ್ರತಿ ಕೊಕ್ಕೆಗೂ ಸುತ್ತಿಕೊಂಡು ಗಿಡಿದು ತುಂಬಿತ್ತು. ಗಂಜಿ ಹಚ್ಚುವ ಮುಂಚೆಯೇ ಪಟ್ಟಿ ಹಿಡಿತ ಬಿಟ್ಟಿತ್ತು. ಉಣ್ಣೆ ಹಿಡಿಯುವ ಮುಳ್ಳನ್ನು ನಕಲು ಮಾಡಿದ ಪಟ್ಟಿ, ಅದನ್ನು ಕಟ್ಟಿದ್ದು ದಿನವಿಡೀ ಕುರಿಗಳ ನಡುವೆ ಇರುವವಳಿಗೆ. ಇಡೀ ಕೇಂದ್ರದಲ್ಲಿ ಒಬ್ಬನಿಗಾದರೂ ಇದು ಹೊಳೆಯಬಾರದೇ?

ಕಾಲಿಗೆ ಹಳೆಯ ಚರ್ಮದ ಬೆಲ್ಟು, ಬಕಲ್ ಹಾಕಿ ಮರುದಿನವೇ ಬಸವಕಲ್ಯಾಣದ ಆಸ್ಪತ್ರೆಗೆ ಹೋದೆ. ತೋಳಿಗೆ ಪ್ಲಾಸ್ಟರ್ ಹಾಕಿದ್ದ ಮಾಳಮ್ಮ ಒಂದೇ ಕೈಯಲ್ಲಿ ಬೆಲ್ಟನ್ನು ಎಳೆದೆಳೆದು ನೋಡಿದಳು. ಈ ಸಲ ನಗಲಿಲ್ಲ.

"ಇದು ಬಿಡೂದಿಲ್ಲಲ್ರಿ?"

"ಇಲ್ಲವ್ವ."

"ಹಾಂಗಾರ ಹಿಡೀರಿ ನನ್ನ. ಎದ್ದ ನಿಂದರ್ತೀನಿ."

ಆಮೇಲೆ ಎಷ್ಟೋ ಹೊಸ ವಸ್ತುಗಳು ಬಂದವು. ಯಾರದೇ ಕಾಲಿನ ಅಳತೆ ತೆಗೆಯುವ ಮೊದಲು ನಾನು ಒಂದು ಮಾತು ಕೇಳುತ್ತಿದ್ದೆ: ದಿನಾ ಯಾವುದರ ನಡುವೆ ನಡೆಯುತ್ತೀರಿ? ಮಾಳಮ್ಮನನ್ನು ಅದೊಂದನ್ನು ಕೇಳಿದ್ದರೆ ಆ ತೋಳು ಮುರಿಯುತ್ತಿರಲಿಲ್ಲ.