ಏಳು ಜನ, ಎಂಟು ಜೋಡಿ ಕಾಲು

ಮೊನ್ನೆ ಸೊಸೆ ಕುಸುಬೆ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿದಳು, ನನ್ನ ಮೊಣಕಾಲಿಗೆಂದು. ಡಾಕ್ಟರರು ಬರೆದುಕೊಟ್ಟ ಮುಲಾಮು ಎರಡು ತಿಂಗಳಿಂದ ತನ್ನ ಕರ್ತವ್ಯವನ್ನು ಅತ್ಯಂತ ಸಾವಕಾಶವಾಗಿ ನಿರ್ವಹಿಸುತ್ತಿದ್ದುದರಿಂದ, ನನ್ನನ್ನು ಕೇಳದೆಯೇ ಮನೆಯಲ್ಲಿ ಹೀಗೊಂದು ಠರಾವು ಪಾಸಾಗಿತ್ತು. ಬೆಳ್ಳುಳ್ಳಿ ಕರಿದು ಕಪ್ಪಾಗುವ ಹೊತ್ತಿಗೆ ವಾಸನೆ ಪಡಸಾಲೆಯವರೆಗೆ ಬಂತು. ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟೆ. ಯಾಕೋ ಏನೋ, ಚಾಚಿದ್ದ ಎರಡೂ ಕಾಲುಗಳನ್ನು ಒಳಗೆಳೆದುಕೊಂಡೆ...

ಎಪ್ಪತ್ತರ ದಶಕದ ನಡುವಿನ ಮಾತು. ದೈಹಿಕ ಶಿಕ್ಷಣದಲ್ಲಿ ಒಂದು ವರ್ಷದ ತರಬೇತಿ, ಕೊರಳಲ್ಲಿ ಒಂದು ಸೀಟಿ ಹಾಗೂ ಯಾವ ಆಧಾರವೂ ಇಲ್ಲದ ಆತ್ಮವಿಶ್ವಾಸ, ಇಷ್ಟು ಆಸ್ತಿಯೊಡನೆ ನಾನು ಮುದ್ದೇಬಿಹಾಳದ ಒಂದು ಹೈಸ್ಕೂಲಿಗೆ ಡ್ರಿಲ್ ಮಾಸ್ತರನಾಗಿ ಬಂದಿದ್ದೆ. ಸಂಜೆ ಊರಿನ ತರುಣರ ಕಬಡ್ಡಿ ತಂಡಕ್ಕೆ ತಾಲೀಮು ಕೊಡುವ ಹೊಣೆಯೂ ನನ್ನ ಕೊರಳಿಗೇ ಬಿತ್ತು. ತಂಡದಲ್ಲಿ ಹಿಟ್ಟಿನ ಗಿರಣಿ ನಡೆಸುವವನೊಬ್ಬನಿದ್ದ, ಅಡತಿ ಅಂಗಡಿಯಲ್ಲಿ ಕಾಳಿನ ಮೂಟೆ ಹೊರುವ ಹಮಾಲರಿದ್ದರು, ಒಬ್ಬ ಟೇಲರನಿದ್ದ. ಎದುರಾಳಿಯ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಟೇಲರನನ್ನು ಮೀರಿಸುವವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಕಾಲು ಅದು. ತಾಯಿ ಮತ್ತು ಇಬ್ಬರು ತಂಗಿಯರ ಊಟವೂ ಅದೇ ಕಾಲಿನ ಮೇಲೆ ನಿಂತಿತ್ತು.

ನಮ್ಮ ಕಡೆಯದು ಕರಿ ಮಣ್ಣಿನ ಎರೆ ಭೂಮಿ. ಬೇಸಿಗೆಯಲ್ಲಿ ಅದು ಬಾಯಿ ಬಿಟ್ಟರೆ ಕೋಳಿ ಬಿದ್ದರೂ ಸಿಗುವುದಿಲ್ಲ ಎನ್ನುತ್ತಾರೆ. ಕಾಲು ಉಳುಕದೆ ಒಂದು ವಾರ ಕಳೆದರೆ ಅದೇ ನಮಗೆ ಹಬ್ಬ. ಹೀಗಿರುವಾಗ ಯಾರೋ ಎಲುಬಿನ ಅಜ್ಜನ ಹೆಸರು ಹೇಳಿದರು.

ಅಜ್ಜ ಹತ್ತಿರದ ತಂಗಡಗಿಯವರು. ಸಂತೆಯ ದಿನ ಬಸ್ಸಿನಲ್ಲಿ ಬಂದು ಬೇವಿನ ಮರದ ಕೆಳಗೆ ಎಣ್ಣೆಯ ಬಟ್ಟಲು ಇಟ್ಟುಕೊಂಡು ಕೂರುತ್ತಿದ್ದರು. ಮುರಿದ ಎಲುಬನ್ನು ಕಟ್ಟುವುದರಲ್ಲಿ ಒಂದು ಕಾಲಕ್ಕೆ ದೊಡ್ಡ ಹೆಸರಂತೆ. ಆದರೆ ನಾನು ಕಂಡಾಗ ಅವರು ಕಟ್ಟುವುದನ್ನು ಪೂರ್ತಿ ಬಿಟ್ಟಿದ್ದರು. ಕೈ ಮುರಿದುಕೊಂಡು ಬಂದವರನ್ನು ಮುಟ್ಟದೆಯೇ ದವಾಖಾನೆಗೆ ಅಟ್ಟುತ್ತಿದ್ದರು. ಅವರು ಮುಟ್ಟುತ್ತಿದ್ದದ್ದು ಇನ್ನೂ ಮುರಿಯದವರನ್ನು ಮಾತ್ರ.

"ಕಟ್ಟೂದಿಲ್ರಿ ಮಾಸ್ತರ," ಎಂದರು ಮೊದಲ ದಿನವೇ. "ಮುರಿಯೂಕಿಂತ ಮುಂಚೆ ಹೇಳತೇನಿ. ಕೇಳಿದವ್ರು ಕೇಳ್ತಾರ, ಬಿಟ್ಟವ್ರು ಬಿಡ್ತಾರ."

ಅವರ ಪದ್ಧತಿ ವಿಚಿತ್ರವಾಗಿತ್ತು. ಮೈದಾನದ ಪಕ್ಕ ಎರಡು ಕಂಬಕ್ಕೆ ಹಗ್ಗ ಕಟ್ಟಿ, ಅದರ ಮೇಲೆ ಶಾಲೆಯ ಉದ್ದನೆಯ ಜಮಖಾನ ಇಳಿಬಿಡಬೇಕು. ಆಟಗಾರರು ಆಚೆ ಸಾಲಾಗಿ ಕುಳಿತು, ಜಮಖಾನದ ಕೆಳಗಿನಿಂದ ಕಾಲುಗಳನ್ನು ಮಾತ್ರ ಈಚೆ ಚಾಚಬೇಕು. ಯಾರೂ ಉಸಿರೆತ್ತುವಂತಿಲ್ಲ. ಅಜ್ಜ ಈಚೆ ಕಣ್ಣು ಮುಚ್ಚಿ, ಅಂಗೈಗೆ ಬೆಚ್ಚನೆಯ ಎಣ್ಣೆ ಸುರಿದುಕೊಂಡು, ಕೂತಲ್ಲಿಂದಲೇ ಸರಿಯುತ್ತ ಒಂದೊಂದೇ ಕೀಲನ್ನು ತಿಕ್ಕುತ್ತ ಹೋಗುವರು. "ಮಾರಿ ನೋಡಿದ್ರ ಕೈ ಸುಳ್ಳ ಹೇಳತೈತಿ" ಎಂಬುದು ಅವರ ಸಿದ್ಧಾಂತ. ಕೊನೆಗೆ, ಮೂರನೆಯವನ ಎಡಗಾಲಿನ ಬಾಗಿಲು ತೆರೆದಿದೆ, ಮೂರು ದಿನ ಆಡಿಸಬೇಡಿ, ಹಳೆಯ ಧೋತರದ ಪಟ್ಟಿ ಸುತ್ತಿರಿ, ಎಂದು ಲೆಕ್ಕದಲ್ಲಿ ಹೇಳುವರು. ಬಾಗಿಲು ಎಂದರೆ ಕೀಲು, ತೆರೆದಿದೆ ಎಂದರೆ ಪೆಟ್ಟು ಒಳಬರಲು ಕಾದಿದೆ ಎಂದರ್ಥ. ಹೆಸರಿಗೆ ಅಲ್ಲಿ ಜಾಗವಿರಲಿಲ್ಲ.

"ಅಜ್ಜಾರ, ನನ್ನ ಕಾಲಾಗ ಬಾಗಲಾ ಅಷ್ಟ ಅಲ್ರಿ, ಕಿಡಕಿನೂ ಅದಾವು. ಗಾಳಿ ಛಲೋ ಬರತೈತಿ!" ಎಂದು ಎಲ್ಲ ಮುಗಿದ ಮೇಲೆ ಟೇಲರ ಛೇಡಿಸುತ್ತಿದ್ದ. ಅಜ್ಜ ನಗುತ್ತಿದ್ದರು. ಆದರೆ ಅವನ ಕಡೆ ತಿರುಗಿ ನೋಡುತ್ತಿರಲಿಲ್ಲ.

ನಾನು ವಿಜ್ಞಾನದ ಪಕ್ಷದವನು. ಆದರೂ ಅಜ್ಜನ ಮಾತು ಕೇಳಿದ ವಾರಗಳಲ್ಲಿ ಯಾರ ಕಾಲೂ ಉಳುಕಲಿಲ್ಲ. ಒಮ್ಮೆ ಕೇಳದಿದ್ದಾಗ ಒಬ್ಬ ಹಮಾಲ, ಅಜ್ಜ ತೋರಿಸಿದ್ದ ಅದೇ ಕಾಲನ್ನು ಉಳುಕಿಸಿಕೊಂಡು ಹದಿನೈದು ದಿನ ಕುಂಟಿದ. ಆಗದ ಅಪಘಾತಕ್ಕೆ ಸಾಕ್ಷಿ ಎಲ್ಲಿಂದ ತರುವುದು ಎಂದು ತರ್ಕಿಸುತ್ತ, ನಾನು ಪ್ರತಿ ಸಂತೆಯ ದಿನ ತಪ್ಪದೆ ಮೈದಾನಕ್ಕೆ ಜಮಖಾನ ಒಯ್ಯುತ್ತಿದ್ದೆ.

ಆ ಬೇಸಿಗೆಯಲ್ಲಿ ಇಂಡಿ ಊರಿನವರನ್ನು ಸೋಲಿಸಿದೆವು, ಸಿಂದಗಿಯವರನ್ನು ಸೋಲಿಸಿದೆವು. ಕೊನೆಯ ಆಟ ಬಸವನ ಬಾಗೇವಾಡಿಯಲ್ಲಿ, ಒಂದು ರವಿವಾರ ಮಧ್ಯಾಹ್ನ. ಅಂದು ಬೆಳಿಗ್ಗೆ ಅಜ್ಜನನ್ನು ವಿಶೇಷವಾಗಿ ಕರೆಸಿದ್ದೆ. ಆಡುವ ಏಳು ಜನ ಜಮಖಾನದ ಹಿಂದೆ ಕುಳಿತರು. ಎರಡನೆಯವನಿಗೂ ಮೂರನೆಯವನಿಗೂ ನಡುವೆ ನೆಲದಲ್ಲಿ ದೊಡ್ಡ ಬಿರುಕಿತ್ತು. ಹಾಗಾಗಿ ಅಲ್ಲಿ ಒಬ್ಬ ಕೂರುವಷ್ಟು ಜಾಗ ಬಿಟ್ಟಿದ್ದರು. ನಾಲ್ಕನೆಯವನು ಟೇಲರ, ಐದನೆಯವನು ಗಿರಣಿಯವ. ನಾನು ಹಗ್ಗದ ತುದಿಯಲ್ಲಿ, ಎರಡೂ ಕಡೆ ಕಾಣುವಂತೆ ನಿಂತಿದ್ದೆ.

ಅಜ್ಜ ಮೊದಲನೆಯವನ ಕಾಲು ತಿಕ್ಕಿದರು. ಎರಡನೆಯವನದನ್ನು ತಿಕ್ಕಿದರು. ಆಮೇಲೆ ಸರಿದು, ಆ ಖಾಲಿ ಜಾಗದ ಎದುರು ಕುಳಿತರು.

ಅವರ ಕೈ ಬಿರುಕಿನ ಮೇಲೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ನಿಂತಿತು. ಬೆರಳುಗಳು ಏನನ್ನೋ ಸುತ್ತುವರಿದು ಮಡಚಿಕೊಂಡವು. ಹೆಬ್ಬೆರಳು ಗುಂಡಗೆ ತಿರುಗತೊಡಗಿತು, ಕೀಲಿನ ಸುತ್ತ ತಿರುಗುವಂತೆಯೇ. ಅವರು ಎರಡು ಸಲ ಎಣ್ಣೆ ಸುರಿದುಕೊಂಡರು. ಉಳಿದ ಯಾರಿಗೂ ಕೊಡದಷ್ಟು ಹೊತ್ತು ಅಲ್ಲಿ ಕೊಟ್ಟರು. ಮುದುಕರ ಲಕ್ಷ್ಯ ತಪ್ಪಿದೆ, ಪಾಪ, ಎಂದುಕೊಂಡೆ. ಆದರೆ ಅಂಗೈಯಿಂದ ಅಷ್ಟು ಎಣ್ಣೆ ಇಳಿದಿತ್ತಲ್ಲ, ಕೆಳಗೆ ಕರಿ ಮಣ್ಣಿನ ಮೇಲೆ ಒಂದು ಹನಿಯ ಕಲೆಯೂ ಇರಲಿಲ್ಲ. ಅದನ್ನು ನೋಡಿದೆ. ನೋಡಿ, ಬಿಸಿಲಿನ ಲೆಕ್ಕಕ್ಕೆ ಬರೆದು ಬಿಟ್ಟುಬಿಟ್ಟೆ.

ಎಲ್ಲ ಮುಗಿಸಿ ಅಜ್ಜ ಕೈ ಒರೆಸಿಕೊಂಡರು. "ಎಂಟೂ ಮಂದೀದು ಆತು. ಐದನೇದಾಂವನ ಬಲಗಾಲು ಪೂರಾ ತೆರದೈತಿ. ಇವತ್ತ ಅಂವನ್ನ ಇಳಸಬ್ಯಾಡ್ರಿ."

"ಏಳ ಮಂದಿ ಅಜ್ಜಾರ."

ಅಜ್ಜ ಎಣ್ಣೆಯ ಬಟ್ಟಲು ಎತ್ತಿಕೊಂಡರು. "ಹಂಗಾದ್ರ ಹಂಗ," ಎಂದರು.

ಅಂಕಗಣಿತದಲ್ಲಿ ನಾನು ಎಂದೂ ದುರ್ಬಲನಾಗಿರಲಿಲ್ಲ. ಏಳು ಜನರಲ್ಲಿ ಐದನೆಯವನು ಗಿರಣಿಯವ. ಅವನನ್ನು ಕೂರಿಸಿ, ಮೀಸಲು ಆಟಗಾರನನ್ನು ಆರಿಸಿದೆ. "ಸರ, ನನ್ನ ಕಾಲು ಬೀಸೂ ಕಲ್ಲಾಗ್ಯಾವ್ರಿ, ಏನೂ ಆಗೂದಿಲ್ರಿ," ಎಂದು ಅವನು ಅಂಗಲಾಚಿದ. "ಗಿರಣಿ ನೀ ನಡಸು, ತಂಡ ನಾ ನಡಸ್ತೇನಿ," ಎಂದೆ, ಬಹಳ ಗಂಭೀರವಾಗಿ.

ಬಾಗೇವಾಡಿಯ ಮೈದಾನದಲ್ಲಿ ನೆತ್ತಿಯ ಮೇಲೆ ಸೂರ್ಯ. ಅಷ್ಟು ಜನ ಸೇರಿದ್ದರೂ ಒಂದು ಗಳಿಗೆ ಎಲ್ಲ ಸದ್ದು ಅಡಗಿದ್ದು ನೆನಪಿದೆ. ಟೇಲರ ನುಗ್ಗಿದ್ದ, ಇಬ್ಬರನ್ನು ಮುಟ್ಟಿ ಹಿಂತಿರುಗುತ್ತಿದ್ದ. ಯಾರೂ ಅವನನ್ನು ಹಿಡಿದಿರಲಿಲ್ಲ. ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದು. ನೋಡಿದರೆ ಅವನು ಕುಳಿತುಬಿಟ್ಟಿದ್ದ, ಬಲ ಪಾದ ಬೇರೊಬ್ಬನದೇನೋ ಎಂಬಂತೆ ಹೊರಗೆ ತಿರುಗಿತ್ತು.

ಎಲುಬಿನ ಡಾಕ್ಟರರು ಇದ್ದದ್ದು ಬಿಜಾಪುರದಲ್ಲಿ. ಬಸ್ಸಿಗೆ ಇನ್ನೂ ಎರಡು ತಾಸು. ಅವನನ್ನು ಬೇವಿನ ನೆರಳಿಗೆ ಒಯ್ದೆವು. ನಮ್ಮೊಡನೆಯೇ ಬಂದಿದ್ದ ಅಜ್ಜ ನಿಧಾನವಾಗಿ ಹತ್ತಿರ ಬಂದು, ಮೊದಲ ಬಾರಿಗೆ ಟೇಲರನ ಮುಖ ನೋಡಿದರು.

"ಇಂವ ಎಷ್ಟನೇದಾಂವ ಕುಂತಿದ್ದ?"

"ನಾಲ್ಕನೇದಾಂವ್ರಿ."

"ನಾಲ್ಕಲ್ರಿ ಮಾಸ್ತರ. ಐದು," ಎಂದರು ಅಜ್ಜ. "ಎರಡರ ಬಾಜೂಕ ಒಬ್ಬಾಂವ ಕುಂತಿದ್ದ. ನೀವ ಅಂವನ್ನ ಬಿಟ್ಟ ಎಣಿಸಿದ್ರಿ."

ಒಬ್ಬನನ್ನು ಲೆಕ್ಕಕ್ಕೆ ಸೇರಿಸದ ತಪ್ಪಿಗೆ ಇನ್ನೊಬ್ಬನ ಕಾಲು ಮುರಿದಿತ್ತು.

ಹಾಗೇ ಬಸ್ಸಿಗೆ ಹತ್ತಿಸಿದರೆ ರಸ್ತೆಯ ಗುಂಡಿಗಳಲ್ಲಿ ಎಲುಬು ಚರ್ಮ ಹರಿದು ಹೊರಬರುವುದು ಖಂಡಿತ. ಕಟ್ಟಿರಿ ಎಂದು ಅಜ್ಜನ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡರು. ಟೇಲರ ಹಲ್ಲು ಕಚ್ಚಿ, "ಕಾಲು ಹ್ವಾದ್ರ ಮಶಿನ್ನಿಗಿ ಯಾರ ಕುಂದರತಾರೋ ಯಪ್ಪಾ..." ಎಂದ. ಅದನ್ನು ಕೇಳಿ ಅಜ್ಜ ನೆಲದ ಮೇಲೆ ಕುಳಿತರು. ಅವನಿಗೆ ಕೇಳಿಸದಂತೆ ನನಗೆ ಹೇಳಿದರು.

"ನಮ್ಮ ಊರಾಗ ಒಬ್ಬಾಂವ ಪೈಲ್ವಾನ ಇದ್ದ. ಇದ ಜಾಗಾದಾಗ ಮುರಕೊಂಡಿದ್ದ. ನಾನ ಕಟ್ಟಿದೆ. ಸಡ್ಲ ಮಾಡ್ರಿ ಅಂತ ಎರಡ ದಿನ ಅತ್ತ. ಗಂಡಸ ಅದೀಯೋ ಇಲ್ಲೋ ಅಂದೆ. ಮೂರನೇ ದಿನ ಬೆರಳು ಕರ್ರಗಾದುವು. ಆಮ್ಯಾಲ ಜೀವಾನ ಹೋತು..." ಟೇಲರನ ಪಾದದ ಕಡೆ ನೋಡಿ, "ಅಂವ ಒಮ್ಮೊಮ್ಮೆ ಸಾಲಾಗ ಬಂದ ಕುಂದರತಾನ. ಕಾಲ ಚಾಚತಾನ. ತಣ್ಣಗ ಇರತೈತಿ," ಎಂದರು.

ತರಬೇತಿಯಲ್ಲಿ ಇದಕ್ಕೆ ಪಾಠವಿರಲಿಲ್ಲ.

ಕೊನೆಗೆ ಅಜ್ಜ ತಮ್ಮ ಧೋತರದ ಅಂಚು ಹರಿದರು. ಯಾರೋ ಬಿದಿರಿನ ದಬ್ಬೆ ತಂದರು. ಅವರು ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೇ ಸಲ ಎಳೆದು ತಿರುಗಿಸಿದರು. ಟೇಲರ ಕೂಗಿದ, ಪಾದ ತನ್ನ ದಾರಿಗೆ ಬಂತು. ದಬ್ಬೆಯಿಟ್ಟು ಸುತ್ತಿ, ಬಿಗಿದು ಗಂಟು ಹಾಕಿ, ಕೈ ತೆಗೆದರು. ಗಂಟು ಸಡಿಲಾಯಿತು.

ಮತ್ತೆ ಬಿಗಿದರು. ಮತ್ತೆ ಸಡಿಲಾಯಿತು. ಮುದುಕರ ಬೆರಳಲ್ಲಿ ಬಲವಿಲ್ಲ ಎಂದುಕೊಂಡು ಮೂರನೆಯ ಸಲ ನಾನೇ ಬಿಗಿದೆ. ಹಗ್ಗ ಜಗ್ಗಾಟದಲ್ಲಿ ಹೆಸರು ಮಾಡಿದ ಕೈ ನನ್ನದು. ಕೈ ತೆಗೆದು ನೋಡುತ್ತ ಕುಳಿತೆ. ಬಟ್ಟೆಯ ತುದಿ ಅಲುಗಿತು. ಗಾಳಿ ಇರಲಿಲ್ಲ. ತುದಿ ಒಂದು ಬೆರಳಿನಷ್ಟು ಹಿಂದಕ್ಕೆ ಸರಿಯಿತು, ನಿಂತಿತು, ಇನ್ನೊಂದು ಬೆರಳಿನಷ್ಟು ಸರಿಯಿತು. ಜಾರಿದ ಹಾಗಿರಲಿಲ್ಲ. ಕೆಲಸ ಗೊತ್ತಿದ್ದವರು ನೋಡಿ ನೋಡಿ ಸಡಿಲಿಸಿದ ಹಾಗಿತ್ತು.

ನಾನು ಮತ್ತೆ ಕೈ ಹಾಕಲು ಹೋದೆ. ಅಜ್ಜ ನನ್ನ ಮುಂಗೈ ಹಿಡಿದರು.

"ಬಿಡ್ರಿ ಮಾಸ್ತರ. ಎಷ್ಟ ಬಿಗಿ ಇರಬೇಕು ಅಂತ ಅಂವಗ ಗೊತ್ತೈತಿ."

ಬಸ್ಸು ಬಂದಾಗ ಅಜ್ಜ ಕಿಟಕಿಯ ಕೆಳಗೆ ಬಂದು ನಿಂತರು. "ದವಾಖಾನ್ಯಾಗ ಕಟ್ಟ ಬಿಚ್ಚಿದ ಮ್ಯಾಲ ಬೆರಳ ಹೆಂಗ ಅದಾವು ಅಂತ ನನಗ ತಿಳಸ್ರಿ. ಹೆಚ್ಚಿಗಿ ಏನೂ ಬ್ಯಾಡ. ಕೆಂಪೋ, ಕರಿಯೋ. ಅಷ್ಟ." ನಾನು ಆಣೆ ಮಾಡಿದವನಂತೆ ತಲೆಯಾಡಿಸಿದೆ.

ಬಿಜಾಪುರದ ಡಾಕ್ಟರರು ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಕಾಲು ಬಾತು ಎರಡರಷ್ಟಾಗಿತ್ತು. ಬಾವು ಬರುತ್ತದೆಂದು ತಿಳಿದೇ ಜಾಗ ಬಿಟ್ಟು ಕಟ್ಟಿದ್ದಾರೆ, ಬಿಗಿದು ಕಟ್ಟಿದ್ದರೆ ಪಾದ ಉಳಿಯುತ್ತಿರಲಿಲ್ಲ, ಯಾರು ಕಟ್ಟಿದ್ದು, ಎಂದು ಕೇಳಿದರು. ಯಾರ ಹೆಸರು ಹೇಳುವುದೆಂದು ನನಗೆ ತೋಚಲಿಲ್ಲ. ಟೇಲರ ದೀಪಾವಳಿಯ ಹೊತ್ತಿಗೆ ಮತ್ತೆ ಯಂತ್ರಕ್ಕೆ ಕುಳಿತ. ಕಬಡ್ಡಿ ಬಿಟ್ಟ.

ಇನ್ನು ನನ್ನ ವಿಷಯ. ಮುದ್ದೇಬಿಹಾಳಕ್ಕೆ ಮರಳಿದ ಮೇಲೆ ನಾಳೆ ತಂಗಡಗಿಗೆ ಹೋದರಾಯಿತು ಎಂದುಕೊಂಡೆ. ಪರೀಕ್ಷೆ ಬಂತು. ಸಾಹೇಬರ ತಪಾಸಣೆ ಬಂತು. ತಂಗಿಯ ಮದುವೆ ಬಂತು. ಸಂತೆಯಲ್ಲಿ ಅಜ್ಜ ಸಿಕ್ಕೇ ಸಿಗುತ್ತಾರೆ ಎಂದುಕೊಂಡೆ, ಅವರು ಸಂತೆಗೆ ಬರುವುದನ್ನೇ ನಿಲ್ಲಿಸಿದ್ದರು. ಒಂದು ಕಾರ್ಡು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ, ಆ ಬಟ್ಟೆಯ ತುದಿ ಸರಿದದ್ದನ್ನು ಇನ್ನೊಮ್ಮೆ ನೆನೆಯುವ ಧೈರ್ಯ ನನಗಿರಲಿಲ್ಲ. ಅದಕ್ಕೆ ನಾನು ಕೆಲಸದ ಒತ್ತಡ ಎಂದು ಹೆಸರಿಟ್ಟಿದ್ದೆ.

ಎರಡು ತಿಂಗಳ ಮೇಲೆ ಹೋದೆ. ಅಜ್ಜನ ಸೊಸೆ ಬಾಗಿಲಲ್ಲಿ ನಿಂತು, ತೀರಿಕೊಂಡು ಹನ್ನೆರಡು ದಿನವಾಯಿತು ಎಂದಳು.

"ದಿನಾ ಬಸ್ಸಿನ ಹೊತ್ತಿಗಿ ಕಟ್ಟಿ ಮ್ಯಾಲ ಹೋಗಿ ಕುಂದರತಿದ್ರು. ಮುದ್ದೇಬಿಹಾಳದ ಮಾಸ್ತರ ಇಳದ್ರೇನು ಅಂತ ಕಂಡಕ್ಟರನ್ನ ಕೇಳತಿದ್ರು. ಕಡೀಕ, ಸುದ್ದಿ ಬರಲಿಲ್ಲ ಅಂದ್ರ ಕರೀನ ಆಗಿರಬೇಕು ಅಂದ್ರು. ಅವತ್ತಿನಿಂದ ರೊಟ್ಟಿ ಮುಟ್ಟಲಿಲ್ರಿ." ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು. "ಏನ್ರಿ ಅದು, ಕರೀದು ಅಂದ್ರ?"

ಏನೂ ಇಲ್ಲ ತಾಯಿ ಎಂದು ಹೇಳಿ ಬಂದೆ. ಬಸ್ಸು ನಿಲ್ಲುವಲ್ಲಿಯ ಕಟ್ಟೆಯ ಮೇಲೆ ಕೂರಲಾಗದೆ, ಬಿಸಿಲಲ್ಲಿ ನಿಂತೇ ಕಾಯ್ದೆ.

ಮೊಣಕಾಲಿನ ನೋವು ಸೊಸೆಯ ಎಣ್ಣೆಗೆ ಸ್ವಲ್ಪ ತಗ್ಗಿದೆ. ಟೇಲರನೂ ಈಗಿಲ್ಲ, ಗಿರಣಿಯವನೂ ಇಲ್ಲ. ಅಂದು ಬಿಜಾಪುರದ ದವಾಖಾನೆಯ ಕಿಟಕಿಯ ಬೆಳಕಲ್ಲಿ ನಾನು ಕಂಡದ್ದಕ್ಕೆ ಇನ್ನು ಸಾಕ್ಷಿ ನಾನೊಬ್ಬನೇ. ಹೇಳಬೇಕಾಗಿದ್ದವರು ಹೋಗಿ ಐವತ್ತು ವರ್ಷವಾಯಿತು... ಕೆಂಪಗಿದ್ದವು ಅಜ್ಜಾರ. ಐದೂ ಬೆರಳು ಕೆಂಪಗಿದ್ದವು.